ಚಿಂಚಿಲಾಗಳೊಂದಿಗೆ ಒಂಬತ್ತು ವರ್ಷ: ನನ್ನ ಅನುಭವ

ಒಂದೇ ಸೂಲಿನಲ್ಲಿ ಹುಟ್ಟಿದ ಎರಡು ಹೆಣ್ಣು ಚಿಂಚಿಲಾಗಳನ್ನು (ಇಲಿ, ಅಳಿಲುಗಳ ಬಳಗಕ್ಕೆ ಸೇರಿದ, ದಟ್ಟ ತುಪ್ಪಳದ ಪುಟ್ಟ ಪ್ರಾಣಿಗಳು) ನಾನು ಮನೆಗೆ ತಂದು ಒಂಬತ್ತು ವರ್ಷಗಳಾದವು. ಒಂದರ ಹೆಸರು ಬೂದಿ, ಇನ್ನೊಂದರದು ಕಾಡಿಗೆ. ಚೆನ್ನಾಗಿ ನೋಡಿಕೊಂಡರೆ ಈ ಪ್ರಾಣಿ 15 ವರ್ಷ, ಕೆಲವೊಮ್ಮೆ 20 ವರ್ಷದವರೆಗೂ ಬದುಕುತ್ತದೆ ಎಂಬುದನ್ನು ತರುವ ಮೊದಲೇ ಓದಿಕೊಂಡಿದ್ದೆ. ಆದರೆ ಅದು ತನ್ನ ಕಾಯಿಲೆಯನ್ನು ಎಷ್ಟು ಚೆನ್ನಾಗಿ ಮರೆಮಾಡುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಅದನ್ನು ಕಲಿಯಲು ಎರಡು ಕಷ್ಟದ ಸಂದರ್ಭಗಳನ್ನು ದಾಟಬೇಕಾಯಿತು.

ಮೊದಲನೆಯದು ಸೆಕೆಯದು. ಚಿಂಚಿಲಾ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಒಣ, ತಂಪು ಇಳಿಜಾರುಗಳ ಪ್ರಾಣಿ. ನಮ್ಮ ತಲೆಯಲ್ಲಿ ಒಂದು ಕೂದಲು ಹುಟ್ಟುವಷ್ಟು ಜಾಗದಲ್ಲಿ ಅದರ ಚರ್ಮದಿಂದ 50ಕ್ಕೂ ಹೆಚ್ಚು ಎಳೆಗಳು ಒಟ್ಟಾಗಿ ಹೊರಡುತ್ತವೆ. ಆ ತುಪ್ಪಳಕ್ಕಾಗಿಯೇ ಮನುಷ್ಯರು ಅದನ್ನು ಬೇಟೆಯಾಡಿ ಕಾಡಿನಲ್ಲಿ ಅಳಿವಿನಂಚಿಗೆ ತಂದರು. 1923ರಲ್ಲಿ ಮ್ಯಾಥಿಯಾಸ್ ಚಾಪ್‌ಮನ್ ಎಂಬವರು ಚಿಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದ 11 ಪ್ರಾಣಿಗಳ ಸಂತತಿಯೇ ಇಂದು ಮನೆಗಳಲ್ಲಿರುವ ಚಿಂಚಿಲಾಗಳಲ್ಲಿ ಬಹುಪಾಲು. ಕೊರೆಯುವ ಚಳಿಯನ್ನು ತಡೆಯುವ ಆ ಹೊದಿಕೆ ಸೆಕೆಯಲ್ಲಿ ಅದರ ಪಾಲಿಗೆ ಶತ್ರುವಾಗುತ್ತದೆ, ಏಕೆಂದರೆ ಚಿಂಚಿಲಾ ಬೆವರುವುದಿಲ್ಲ.

ಮೊದಲ ಬೇಸಿಗೆಯಲ್ಲಿ ನಾನು ಪಂಜರದ ಪಕ್ಕ ಫ್ಯಾನ್ ಇಟ್ಟು ನಿಶ್ಚಿಂತೆಯಿಂದಿದ್ದೆ. ಗಾಳಿ ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ಬೆವರೇ ಇಲ್ಲದ ಮೈಗೆ ಫ್ಯಾನ್ ಅದೇ ಬಿಸಿ ಗಾಳಿಯನ್ನು ತಿರುಗಿಸಿ ಕೊಡುತ್ತದೆ ಅಷ್ಟೆ. ಒಂದು ಮಧ್ಯಾಹ್ನ ನೋಡಿದಾಗ ಬೂದಿ ಹಲಗೆಯ ಮೇಲೆ ಪಕ್ಕಕ್ಕೆ ಚಾಚಿ ಮಲಗಿತ್ತು. ಕಿವಿಗಳು ಕೆಂಪಾಗಿ, ಒಳಗಿನ ರಕ್ತನಾಳಗಳು ಉಬ್ಬಿ ಎದ್ದು ಕಾಣುತ್ತಿದ್ದವು. ಉಸಿರು ಬಾಯಿಂದ ಬರುತ್ತಿತ್ತು. ಕೋಣೆಯ ಉಷ್ಣತೆ 29 ಡಿಗ್ರಿ. ಅದನ್ನು ತಂಪಾದ ಕೋಣೆಗೆ ಒಯ್ದು, ತಣ್ಣೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಯ ಬಳಿ ಇಟ್ಟು, ನೇರವಾಗಿ ಪಶುವೈದ್ಯರ ಬಳಿಗೆ ಓಡಿದೆ. ಬೂದಿ ಬದುಕಿಕೊಂಡಿತು. ಅಂದಿನಿಂದ ಪಂಜರವಿರುವ ಕೋಣೆಯಲ್ಲಿ ಎಸಿ ಇದೆ, ಪಂಜರದ ಎತ್ತರಕ್ಕೇ ಥರ್ಮಾಮೀಟರ್ ತೂಗುಹಾಕಿದ್ದೇನೆ. 18ರಿಂದ 21 ಡಿಗ್ರಿ ನಾನು ಕಾಯ್ದುಕೊಳ್ಳುವ ಮಟ್ಟ. 24 ದಾಟಿದರೆ ಕೈಯಲ್ಲಿರುವ ಕೆಲಸ ಬಿಟ್ಟು ಏಳುತ್ತೇನೆ. ತೇವಾಂಶವೂ ಅಷ್ಟೇ ಮುಖ್ಯ, ಶೇಕಡಾ 50ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಕರೆಂಟ್ ಹೋದಾಗ ಬೇಕೆಂದು ಫ್ರೀಜರ್‌ನಲ್ಲಿ ಸದಾ ನಾಲ್ಕು ಬಾಟಲಿ ನೀರು ಗಟ್ಟಿಯಾಗಿ ಕುಳಿತಿರುತ್ತವೆ. ಮಲಗಲು ಪಂಜರದೊಳಗೆ ಒಂದು ಗ್ರಾನೈಟ್ ತುಂಡೂ ಇದೆ. ಇಷ್ಟನ್ನು ವರ್ಷವಿಡೀ ನಡೆಸಲು ಆಗದವರು ಚಿಂಚಿಲಾ ತರಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದೇ ದಟ್ಟ ತುಪ್ಪಳದ ಕಾರಣದಿಂದ ಅದನ್ನು ನೀರಿನಲ್ಲಿ ತೊಳೆಯುವಂತಿಲ್ಲ. ಒಮ್ಮೆ ನೆನೆದರೆ ಬುಡದವರೆಗೆ ಒಣಗಲು ಬಹಳ ಹೊತ್ತು ಬೇಕು, ಅಷ್ಟರಲ್ಲಿ ಮೈ ತಣ್ಣಗಾಗುತ್ತದೆ, ಚರ್ಮಕ್ಕೆ ಶಿಲೀಂಧ್ರ ತಗಲುತ್ತದೆ. ಅದಕ್ಕೆ ಬೇಕಾದದ್ದು ದೂಳಿನ ಸ್ನಾನ. ಸಾಮಾನ್ಯ ಮರಳು ಒರಟು, ಅದು ಎಳೆಗಳನ್ನು ಕತ್ತರಿಸುತ್ತದೆ. ಹಿಟ್ಟಿನಷ್ಟು ನುಣುಪಾದ, ಚಿಂಚಿಲಾಗೆಂದೇ ಸಿಗುವ ದೂಳನ್ನೇ ಬಳಸಬೇಕು. ವಾರಕ್ಕೆ ಮೂರು ಸಂಜೆ ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಎರಡು ಬೆರಳು ದಪ್ಪ ದೂಳು ಹಾಕಿ ಒಳಗಿಡುತ್ತೇನೆ. ಕಾಡಿಗೆ ಮೊದಲು ಮೀಸೆ ತಾಗಿಸಿ ನೋಡುತ್ತದೆ, ಮುಂಗಾಲಿನಿಂದ ಎರಡು ಸಲ ಕೆದಕುತ್ತದೆ, ಆಮೇಲೆ ಒಮ್ಮೆಲೇ ಮಗುಚಿ ಬಿದ್ದು ಬೆನ್ನಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಬೆನ್ನಿಗೆ ಕಣ್ಣು ಹಿಡಿಯಲಾಗದಷ್ಟು ವೇಗದಲ್ಲಿ ಉರುಳುತ್ತದೆ. ಹೊರಬಂದು ಮೈ ಕೊಡವಿದಾಗ ಏಳುವ ಬಿಳಿ ಮಬ್ಬು ತಗ್ಗುವ ಹೊತ್ತಿಗೆ ತುಪ್ಪಳ ಎಳೆ ಎಳೆಯಾಗಿ ಬಿಡಿಸಿಕೊಂಡು ನಿಂತಿರುತ್ತದೆ. ಹದಿನೈದು ನಿಮಿಷಕ್ಕೆ ಭರಣಿಯನ್ನು ತೆಗೆದುಬಿಡುತ್ತೇನೆ. ಅಲ್ಲೇ ಬಿಟ್ಟರೆ ಅವು ಅದರೊಳಗೆ ಹಿಕ್ಕೆ ಹಾಕುತ್ತವೆ. ಅತಿಯಾದ ದೂಳಿನಿಂದ ಕಣ್ಣೂ ಉರಿಯುತ್ತದೆ, ಚರ್ಮವೂ ಒಣಗುತ್ತದೆ.

ಎರಡನೆಯ ಕಷ್ಟ ಹಲ್ಲಿನದು, ಅದರಲ್ಲಿ ನನ್ನ ತಪ್ಪಿನ ಪಾಲೂ ಇತ್ತು. ಚಿಂಚಿಲಾದ ಬಾಚಿಹಲ್ಲು ಮಾತ್ರವಲ್ಲ, ದವಡೆಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ನಾರು ತುಂಬಿದ ಒಣಹುಲ್ಲನ್ನು ಗಂಟೆಗಟ್ಟಲೆ ಅಗಿದಾಗ ಮಾತ್ರ ಅವು ಸರಿಯಾಗಿ ಸವೆಯುತ್ತವೆ. ನಾನು ಮೊದಲ ಎರಡು ವರ್ಷ ಪೆಲೆಟ್‌ಗಳನ್ನು (ಗುಳಿಗೆಯಂತೆ ಒತ್ತಿ ಮಾಡಿದ ಸಿದ್ಧ ಆಹಾರ) ಧಾರಾಳವಾಗಿ ಸುರಿಯುತ್ತಿದ್ದೆ, ಪ್ರೀತಿಗೆಂದು ಒಣದ್ರಾಕ್ಷಿಯನ್ನೂ ಕೊಡುತ್ತಿದ್ದೆ. ಹೊಟ್ಟೆ ತುಂಬಿದ ಪ್ರಾಣಿ ಹುಲ್ಲನ್ನು ಏಕೆ ಮುಟ್ಟೀತು?

ಬೇಸಿಗೆಯ ಆ ಘಟನೆಯ ನಂತರ ವೈದ್ಯರ ಮಾತಿನಂತೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿ ಭಾನುವಾರ ತೂಗಿ ಬರೆದಿಡುತ್ತಿದ್ದೆ. ಮೂರನೆಯ ವರ್ಷ ಕಾಡಿಗೆಯ ತೂಕ 565 ಗ್ರಾಂ ಇದ್ದದ್ದು ಮರುವಾರ 550, ಅದರಾಚೆಗೆ 528 ಎಂದು ಇಳಿಯಿತು. ನೋಡುವುದಕ್ಕೆ ಅದು ಚೆನ್ನಾಗಿಯೇ ಇತ್ತು. ಕುಣಿಯುತ್ತಿತ್ತು, ಬಟ್ಟಲಿನ ಬಳಿ ಓಡಿ ಬರುತ್ತಿತ್ತು. ಹತ್ತಿರ ಕುಳಿತು ಗಮನಿಸಿದಾಗ ಕಂಡದ್ದು ಬೇರೆ: ಹುಲ್ಲಿನ ಕಡ್ಡಿ ಎತ್ತಿಕೊಂಡು ಎರಡು ಸಲ ಅಗಿದು ಕೆಳಗೆ ಬಿಡುತ್ತಿತ್ತು, ಗದ್ದದ ಕೆಳಗಿನ ತುಪ್ಪಳ ಜೊಲ್ಲಿನಿಂದ ಅಂಟಿಕೊಂಡಿತ್ತು, ಹಿಕ್ಕೆಗಳು ಸಣ್ಣಗಾಗಿ ಕಡಿಮೆಯಾಗಿದ್ದವು. ಮೊದಲು ತೋರಿಸಿದ ಕಡೆ ಬಾಚಿಹಲ್ಲು ನೋಡಿ ಏನೂ ಇಲ್ಲವೆಂದರು. ಸಣ್ಣ ಪ್ರಾಣಿಗಳಲ್ಲಿ ಅನುಭವವಿದ್ದ ಇನ್ನೊಬ್ಬರು ಎಕ್ಸ್‌ರೇ ತೆಗೆಸಿ, ಅರಿವಳಿಕೆ ಕೊಟ್ಟು ದವಡೆ ಪರೀಕ್ಷಿಸಿದಾಗ ಹಿಂದಿನ ಹಲ್ಲುಗಳ ಅಂಚು ಮುಳ್ಳಿನಂತೆ ಬೆಳೆದು ಕೆನ್ನೆಯ ಒಳಭಾಗವನ್ನು ಕೊರೆಯುತ್ತಿತ್ತು. ಬೇರುಗಳು ಇನ್ನೂ ಕೆಟ್ಟಿರಲಿಲ್ಲವಾದ್ದರಿಂದ ಉಜ್ಜಿ ಸಮಮಾಡುವುದರಲ್ಲಿ ಮುಗಿಯಿತು. ಬೇರು ದವಡೆಯ ಮೂಳೆಯೊಳಗೆ ಉದ್ದವಾಗಿದ್ದರೆ ವಾಸಿಯಾಗುವ ಕಾಯಿಲೆ ಅದಲ್ಲ. ನಂತರದ ಹತ್ತು ದಿನ ರಾತ್ರಿಹಗಲೆನ್ನದೆ ನಾಲ್ಕು ಗಂಟೆಗೊಮ್ಮೆ ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತಿನ್ನಿಸಿದೆ, ಏಕೆಂದರೆ ಇವುಗಳ ಕರುಳು ಒಂದು ದಿನ ಖಾಲಿಯಿದ್ದರೂ ಚಲನೆ ನಿಲ್ಲಿಸಿಬಿಡಬಹುದು. ಹನ್ನೊಂದನೆಯ ದಿನ ಬೆಳಗಿನ ಜಾವ ಪಂಜರದಿಂದ ಹುಲ್ಲು ಅಗಿಯುವ ಕರಕರ ಸದ್ದು ಕೇಳಿದಾಗ ನನ್ನ ಕಣ್ಣು ತುಂಬಿ ಬಂತು.

ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿಯನ್ನು ಬಾಯಿಯ ಮೂಲಕ ಕೊಟ್ಟರೆ ಕರುಳಿನ ಸೂಕ್ಷ್ಮಜೀವಿಗಳ ಸಮತೋಲ ಕೆಟ್ಟು ಚಿಂಚಿಲಾ ಸಾಯಬಹುದು ಎಂಬುದನ್ನೂ ಆ ವೈದ್ಯರಿಂದಲೇ ತಿಳಿದೆ. ಅದನ್ನು ಕಾಗದದಲ್ಲಿ ಬರೆದು ಪಂಜರದ ಬಾಗಿಲಿಗೆ ಅಂಟಿಸಿದ್ದೇನೆ, ನಾನಿಲ್ಲದಾಗ ಯಾರಾದರೂ ಅವುಗಳನ್ನು ಆಸ್ಪತ್ರೆಗೆ ಒಯ್ಯಬೇಕಾಗಿ ಬಂದರೆ ಉಪಯೋಗಕ್ಕೆ ಬರಲೆಂದು.

ಈಗ ಟಿಮೊಥಿ ಎಂಬ ಜಾತಿಯ ಒಣಹುಲ್ಲು ಹಗಲೂ ರಾತ್ರಿ ಮುಗಿಯದಂತೆ ಇರುತ್ತದೆ. ಪೆಲೆಟ್ ಪ್ರಾಣಿಯೊಂದಕ್ಕೆ ದಿನಕ್ಕೆ ಒಂದು ದೊಡ್ಡ ಚಮಚ. ದ್ರಾಕ್ಷಿ, ಬೀಜ, ಕಾಯಿಗಳು ಪೂರ್ತಿ ನಿಂತಿವೆ. ಕಡಿಯಲು ಸೇಬಿನ ಮರದ ಒಣಗಿದ ಕಡ್ಡಿ ಇಡುತ್ತೇನೆ. ಪಂಜರ ನನ್ನ ಎದೆಯೆತ್ತರದ್ದು, ಹಲಗೆಗಳೆಲ್ಲ ಮರದವು, ತಳ ಜಾಲರಿಯದಲ್ಲ. ಪ್ಲಾಸ್ಟಿಕ್ ಒಳಗಿಡುವುದಿಲ್ಲ, ಕಡಿದು ನುಂಗಿದ ಚೂರು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಡಿಯುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ. ಗಾಬರಿಯಾದರೆ ತುಪ್ಪಳವನ್ನು ಹಿಡಿಗಟ್ಟಲೆ ಬಿಟ್ಟು ಜಾರಿಕೊಳ್ಳುವುದು ಅವುಗಳ ಸ್ವಭಾವ, ಬೋಳಾದ ಜಾಗ ತುಂಬಲು ತಿಂಗಳುಗಳೇ ಹಿಡಿಯುತ್ತವೆ.

ಆರು ತಿಂಗಳಿಗೊಮ್ಮೆ ಕಾಡಿಗೆಯ ದವಡೆಯನ್ನು ಪರೀಕ್ಷಿಸಿಕೊಂಡು ಬರುತ್ತೇನೆ. ಬೆಳಿಗ್ಗೆ ಹಲಗೆ ಗುಡಿಸುವಾಗ ಹಿಕ್ಕೆಗಳ ಗಾತ್ರವನ್ನು ನೋಡದೆ ಚೆಲ್ಲುವುದಿಲ್ಲ. ಕಳೆದ ಭಾನುವಾರ ಬೂದಿ 590 ಗ್ರಾಂ, ಕಾಡಿಗೆ 571.