ಬಲೂನಿಗೆ ಹಿಡಿಯುವಷ್ಟೇ ಮಾತು: ಕನ್ನಡ ಕಾಮಿಕ್ಸ್ ಮಾಡುವ ನನ್ನ ಅನುಭವ

ನಾನು ಬೆಂಗಳೂರಿನಲ್ಲಿ ಸ್ವಂತವಾಗಿ ಕನ್ನಡ ಕಾಮಿಕ್ಸ್ ಪುಸ್ತಕ ತರುತ್ತೇನೆ. ಕಥೆ ನನ್ನದು, ಚಿತ್ರ ಬರೆಯುವವರು ಬೇರೆ. ಸಂಪಾದಕನೂ ನಾನೇ. ಸಂಪಾದನೆ ಅಂದರೆ ಮುಕ್ಕಾಲು ಪಾಲು ಮಾತು ಕಡಿಮೆ ಮಾಡುವ ಕೆಲಸ.

ಮೆಜೆಸ್ಟಿಕ್ ಬಸ್ ನಿಲ್ದಾಣದ ಒಂದು ಪುಟ ಹೇಳುತ್ತೇನೆ. ರಾತ್ರಿ ಹೊತ್ತು. ಹುಡುಗಿಯೊಬ್ಬಳು ಬ್ಯಾಗ್ ಹಿಡಿದು ಓಡಿ ಬರುತ್ತಾಳೆ. ದೂರದಲ್ಲಿ ಬಸ್ಸಿನ ಹಿಂದಿನ ಕೆಂಪು ದೀಪ. ಮೊದಲ ಕರಡಿನಲ್ಲಿ ಅವಳು, "ಅಯ್ಯೋ, ಕೊನೆ ಬಸ್ಸೂ ಹೊರಟುಹೋಯ್ತಲ್ಲ, ಈಗ ಮನೆಗೆ ಹೇಗೆ ಹೋಗಲಿ?" ಅನ್ನುತ್ತಿದ್ದಳು. ಬಸ್ ಹೋಗಿದ್ದು ಚಿತ್ರದಲ್ಲೇ ಇದೆ, ಗಾಬರಿ ಮುಖದಲ್ಲೇ ಇದೆ. ಅವಳ ಬಲೂನನ್ನೇ, ಅಂದರೆ ಮಾತು ಬರೆಯುವ ಗುಳ್ಳೆಯನ್ನೇ, ತೆಗೆದುಬಿಟ್ಟೆ. ಪಕ್ಕದಲ್ಲಿ ಕಡ್ಲೆಕಾಯಿ ಮಾರುವ ಅಜ್ಜಿ ಮಾತ್ರ ಕೇಳುತ್ತಾಳೆ: "ಎಲ್ಲಿಗಮ್ಮಾ?" ಕಥೆ ಅಲ್ಲಿಂದ ಮುಂದಕ್ಕೆ ಓಡುತ್ತದೆ.

ಕನ್ನಡದಲ್ಲಿ ಹೀಗೆ ಕತ್ತರಿಸಲು ಇನ್ನೊಂದು ಕಾರಣವೂ ಇದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷಿನ ನಾಲ್ಕು ಸಾಲು ಹಿಡಿಯುವ ಬಲೂನಿಗೆ ಕನ್ನಡದ ಮೂರು ಸಾಲು ಕೂತರೆ ಜಾಸ್ತಿ. 'ಹೊರಟುಹೋಗುತ್ತಿದ್ದೇನೆ' ಅನ್ನೋ ಒಂದೇ ಪದ ಬಲೂನಿನ ಅಗಲ ಪೂರ್ತಿ ತಿನ್ನುತ್ತದೆ. 'ಹೊರಟೆ' ಸಾಕು ಅಲ್ವಾ? ಅಕ್ಷರ ಕೂರಿಸುವವರಿಗೆ ಒಂದು ಮಾತು: ಹಳೆಯ ಫೋಟೋಶಾಪ್‌ನಲ್ಲಿ 'ವರ್ಲ್ಡ್ ರೆಡಿ ಲೇಔಟ್' ಆರಿಸಿಕೊಳ್ಳಿ. ಇಲ್ಲದಿದ್ದರೆ ಯುನಿಕೋಡ್ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ.

ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ನಾನು 32 ಪುಟ ಇಟ್ಟುಕೊಳ್ಳುತ್ತೇನೆ. ಓದುಗರು ಬೆಚ್ಚಬೇಕಾದ ಚಿತ್ರ ಯಾವಾಗಲೂ ಎಡಪುಟದಲ್ಲಿ, ಅಂದರೆ ಪುಟ ತಿರುಗಿಸಿದ ಮೇಲೇ ಕಾಣಬೇಕು. ಅದಕ್ಕೇ ಬರೆಯುವ ಮೊದಲು ಹಾಳೆ ಮಡಚಿ, ಪುಟದ ನಂಬರ್ ಹಾಕಿ, ಯಾವ ಪುಟದಲ್ಲಿ ಏನು ಅಂತ ಒಂದೊಂದು ಸಾಲು ಗೀಚಿಕೊಳ್ಳುತ್ತೇನೆ.

ದುಡ್ಡಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕಲಾವಿದರಿಗೆ ಪುಟಕ್ಕಿಷ್ಟು ಅಂತ ಮಾತಾಡಿ, ಅರ್ಧ ಮುಂಗಡ ಕೊಟ್ಟೇ ಕೆಲಸ ಶುರು. 'ಹೆಸರು ಬರುತ್ತೆ' ಅಂತ ಸುಮ್ನೆ ಚಿತ್ರ ಬರೆಸಿಕೊಳ್ಳುವುದು ಅನ್ಯಾಯ. ಹಕ್ಕು ಯಾರದ್ದು, ಎಷ್ಟು ವರ್ಷಕ್ಕೆ ಅನ್ನುವುದನ್ನೂ ಬರೆದು ಸಹಿ ಹಾಕಿಕೊಳ್ಳುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷ ಅಂತಲೇ ಲೆಕ್ಕ.

ಮಾರಾಟಕ್ಕೆ ಕಾಮಿಕ್ಸ್ ಪ್ರಿಯರ ಜಾತ್ರೆ ಕಾಮಿಕ್ ಕಾನ್ ಇದೆ, ಪುಸ್ತಕ ಮೇಳಗಳಿವೆ. ನನಗೆ ಮೇಳಗಳೇ ಇಷ್ಟ. ಕಾರ್ಕಳದ ಅನಂತ ಪೈ ಅವರ 'ಅಮರ ಚಿತ್ರ ಕಥೆ' ಓದಿ ಬೆಳೆದ ಅಪ್ಪ ಅಮ್ಮಂದಿರು ಬಂದು, "ಪುರಾಣದ ಕಥೇನಾ?" ಅಂತ ಕೇಳುತ್ತಾರೆ. ಅಲ್ಲ, ಮೆಜೆಸ್ಟಿಕ್ಕಿನ ಕಥೆ ಅನ್ನುತ್ತೇನೆ. ಅಷ್ಟರಲ್ಲಿ ಮಗು ಅಲ್ಲೇ ನಿಂತು ಅರ್ಧ ಓದಿರುತ್ತದೆ. ಓದಲಿ ಅಂತ ಬಿಡುತ್ತೇನೆ. ಮಗು ಎಲ್ಲಿ ತಡವರಿಸಿತು ಅಂತ ನೋಡಿಕೊಂಡು, ಮರುಮುದ್ರಣಕ್ಕೆ ಮುಂಚೆ ಆ ಬಲೂನ್ ತಿದ್ದುತ್ತೇನೆ.