ಪ್ರೀತಿ ಇದ್ದರೂ ಫೋನಿಗೆ ಬೀಗ ಇರಲಿ

ಒಬ್ಬರು ಯಾದಗಿರಿಯಲ್ಲಿ, ಇನ್ನೊಬ್ಬರು ಕೆಲಸಕ್ಕೆಂದು ಹೈದರಾಬಾದಿನಲ್ಲಿ. ಇಂಥ ಜೋಡಿಗಳ ನಡುವೆ "ನನ್ನ ಮ್ಯಾಲ ನಂಬಿಕಿ ಇದ್ರ ಪಾಸ್‌ವರ್ಡ್ ಕೊಡು" ಅನ್ನುವ ಮಾತು ಬೇಗ ಬರುತ್ತದೆ. ಕೊಡಬೇಕಿಲ್ಲ. "ಏನ್ ಕೇಳ್ಬೇಕೋ ಕೇಳು, ಹೇಳ್ತೀನಿ" ಅನ್ನಿ. ಫೋನಿನಲ್ಲಿ ಗೆಳತಿಯ ಗುಟ್ಟು, ಅಕ್ಕನ ಮನೆಯ ಜಗಳವೂ ಇರುತ್ತವೆ; ಅವನ್ನು ತೋರಿಸುವ ಹಕ್ಕು ನಿಮಗೂ ಇಲ್ಲ.

ಈಗಾಗಲೇ ಕೊಟ್ಟಿದ್ದರೆ ವಾಟ್ಸ್ಆ್ಯಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆಯಿರಿ. ನಿಮ್ಮ ಫೋನಲ್ಲದೆ ಇನ್ನೂ 4 ಕಡೆ ಖಾತೆ ತೆರೆದಿರಬಹುದು. ಗುರುತಿಲ್ಲದ್ದನ್ನು ಲಾಗ್ ಔಟ್ ಮಾಡಿ.

ಹೆಚ್ಚಿನವರು ಎಡವುವುದು ಜಿಮೇಲ್‌ನಲ್ಲಿ. ಫೋಟೊ, ಲೊಕೇಶನ್, ಸೇವ್ ಆದ ಪಾಸ್‌ವರ್ಡ್ ಎಲ್ಲ ಆ ಖಾತೆಯಲ್ಲೇ ಇರುತ್ತವೆ. ಫೋನ್ ಕೊಂಡ ದಿನ ಖಾತೆ ಮಾಡಿಕೊಟ್ಟವರು ನಿಮ್ಮ ಸಂಗಾತಿಯೇ ಆಗಿದ್ದರೆ ರಿಕವರಿ ನಂಬರ್ (ಪಾಸ್‌ವರ್ಡ್ ಮರೆತಾಗ ಕೋಡ್ ಬರುವ ನಂಬರ್) ಯಾರದೆಂದು ನೋಡಿ. ಅದು ಅವರದಾಗಿದ್ದರೆ ನೀವು ಪಾಸ್‌ವರ್ಡ್ ಬದಲಿಸಿದರೂ ಅವರು ಮತ್ತೆ ಒಳಬರಬಹುದು. ಮೊದಲು ನಂಬರ್, ಆಮೇಲೆ ಪಾಸ್‌ವರ್ಡ್. ಫೋನಿನ ಲಾಕ್‌ನಲ್ಲಿ ಬೇರೆಯವರ ಬೆರಳಚ್ಚು ಸೇವ್ ಆಗಿದೆಯೇ, ಮ್ಯಾಪ್ಸ್‌ನ 'ಲೊಕೇಶನ್ ಶೇರಿಂಗ್' ಯಾರಿಗಾದರೂ ಆನ್ ಇದೆಯೇ ಎಂದೂ ನೋಡಿ. ಯುಪಿಐ ಪಿನ್ ಗಂಡನಿಗೂ ಬೇಡ, ಹೆಂಡತಿಗೂ ಬೇಡ.

ಹೊಡೆತ, ಬೆದರಿಕೆ ಇರುವಲ್ಲಿ ಮಾತ್ರ ಅವಸರ ಮಾಡಬೇಡಿ. ಲಾಗ್ ಔಟ್ ಆದದ್ದು ಅವರಿಗೆ ತಿಳಿಯುತ್ತದೆ, ಸಿಟ್ಟು ನಿಮ್ಮ ಮೇಲೆ ತಿರುಗುತ್ತದೆ. ಮೊದಲು ನಂಬಿಕಸ್ಥರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯವಿದ್ದರೆ ತುರ್ತು ಸಹಾಯದ 112. ಖಾಸಗಿ ಫೋಟೊ ಹರಿಬಿಡುತ್ತೇನೆ ಎಂದು ಹೆದರಿಸಿದರೆ ಹಣ ಕೊಡಬೇಡಿ, ಚಾಟ್ ಅಳಿಸಬೇಡಿ. ಆ ಪರದೆಯ ಫೋಟೊವನ್ನು ಬೇರೆ ಫೋನಿನಲ್ಲಿ ತೆಗೆದಿಟ್ಟುಕೊಂಡು ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ಹಂಚಿದರೆ ಐಟಿ ಕಾಯ್ದೆಯ 66ಇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.