ಬ್ಲ್ಯಾಕ್ ಬಾಕ್ಸ್ ಆಡುವ ಬಗೆ: ನಾಲ್ಕು ಗುಂಡು, ಒಂದು ಚೌಕುಳಿ ಹಾಳೆ

ನಾನು ದಾವಣಗೆರೆಯಲ್ಲಿ ಸಿ.ಟಿ. ಸ್ಕ್ಯಾನ್ ಟೆಕ್ನಿಷಿಯನ್. ದಿನವಿಡೀ ಕಿರಣ ಹಾಯಿಸಿ ಒಳಗಿನದನ್ನು ನೋಡುವುದೇ ಕೆಲಸ. ರಾತ್ರಿ ಊಟ ಆದ ಮೇಲೆ ಎಂಟನೇ ಕ್ಲಾಸಿನ ಮಗಳ ಜೊತೆ ಬ್ಲ್ಯಾಕ್ ಬಾಕ್ಸ್, ಅಂದರೆ ಬಚ್ಚಿಟ್ಟ ಗುಂಡುಗಳನ್ನು ಹುಡುಕುವ ಆಟ, ಆಡುವಾಗಲೂ ಅದೇ ಕೆಲಸ, ಯಂತ್ರದ ಬದಲು ಪೆನ್ಸಿಲ್ ಅಷ್ಟೇ. ಎರಿಕ್ ಸಾಲಮನ್ ರೂಪಿಸಿದ ಈ ಆಟ 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂತು. ಇದಕ್ಕೆ ಪ್ರೇರಣೆ ಸಿ.ಟಿ. ಯಂತ್ರ ಮಾಡಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಕೆಲಸ. ಅವರಿಗೆ 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ನೀರಿಗೆ 0, ಗಾಳಿಗೆ -1000 ಎಂದು ನಾವು ಸ್ಕ್ಯಾನ್‌ನಲ್ಲಿ ದಿನಾ ಓದುವ ಅಳತೆಗೆ ಹೌನ್ಸ್‌ಫೀಲ್ಡ್ ಅವರದೇ ಹೆಸರು. ಹಾಗಾಗಿ ಈ ಆಟದ ಮೇಲೆ ನನಗೆ ಒಂದು ತೂಕ ಹೆಚ್ಚೇ ಪ್ರೀತಿ.

ಲೆಕ್ಕದ ಚೌಕುಳಿ ಹಾಳೆಯಲ್ಲಿ ಇಬ್ಬರೂ 8×8 ಮನೆ ಬರೆದುಕೊಳ್ಳಿ. ಹೊರಸುತ್ತಿಗೆ 32 ನಂಬರು ಹಾಕಿ: ಎಡಬದಿ ಮೇಲಿಂದ ಕೆಳಕ್ಕೆ 1ರಿಂದ 8, ಕೆಳಬದಿ ಎಡದಿಂದ ಬಲಕ್ಕೆ 9ರಿಂದ 16, ಬಲಬದಿ ಕೆಳಗಿಂದ ಮೇಲಕ್ಕೆ 17ರಿಂದ 24, ಮೇಲ್ಬದಿ ಬಲದಿಂದ ಎಡಕ್ಕೆ 25ರಿಂದ 32. ಒಬ್ಬರು ತಮ್ಮ ಹಾಳೆಯಲ್ಲಿ ಯಾವ ನಾಲ್ಕು ಮನೆಗಾದರೂ ಗುಂಡು ಹಾಕಿ ಮುಚ್ಚಿಡಬೇಕು. ನಾವು ಹುಣಸೆ ಬೀಜ ಇಡುತ್ತೇವೆ. ನಾಲ್ಕು ಗುಂಡು ಇಡಲು 6,35,376 ಬಗೆಗಳಿವೆ. ಇನ್ನೊಬ್ಬರು ಗುಂಡು ಎಲ್ಲಿವೆ ಎಂದು ಕಂಡುಹಿಡಿಯಲು ಒಂದು ನಂಬರು ಹೇಳಿ ಅಲ್ಲಿಂದ ಒಳಕ್ಕೆ ಕಲ್ಪನೆಯ ಕಿರಣ ಬಿಡುತ್ತಾರೆ. ಇಟ್ಟವರು ಅದು ಹೋಗುವ ದಾರಿಯನ್ನು ಗುಟ್ಟಾಗಿ ಎಳೆದು ನೋಡಿ, ಕೊನೆಗೆ ಏನಾಯಿತು ಎಂಬುದನ್ನು ಮಾತ್ರ ಹೇಳಬೇಕು.

ಒಂದೇ ಗುಂಡು ಇದೆ ಎಂದುಕೊಳ್ಳಿ, ಮೂರನೇ ಅಡ್ಡಸಾಲು, ಐದನೇ ಕಂಬಸಾಲಿನಲ್ಲಿ. 3ರಿಂದ ಬಿಟ್ಟ ಕಿರಣ ನೇರ ಗುಂಡಿಗೆ ಬಡಿಯುತ್ತದೆ, "ನುಂಗಿತು" ಎನ್ನಿ. 2ರಿಂದ ಬಿಟ್ಟದ್ದು ನಾಲ್ಕನೇ ಕಂಬಸಾಲಿಗೆ ಬಂದಾಗ ಗುಂಡು ಅದಕ್ಕೆ ಓರೆಯಾಗಿ ಮುಂದಿರುತ್ತದೆ. ಕಿರಣ ಗುಂಡಿನಿಂದ ದೂರಕ್ಕೆ, ಅಂದರೆ ಮೇಲಕ್ಕೆ ತಿರುಗಿ 29ರಲ್ಲಿ ಹೊರಬರುತ್ತದೆ. 4ರಿಂದ ಬಿಟ್ಟದ್ದು ಕೆಳಕ್ಕೆ ತಿರುಗಿ 12ರಲ್ಲಿ. 7ರಿಂದ ಬಿಟ್ಟದ್ದಕ್ಕೆ ಅಡ್ಡಿಯೇ ಇಲ್ಲ, ನೇರ 18ಕ್ಕೆ. ಎರಡು ಗುಂಡುಗಳ ನಡುವೆ ಒಂದೇ ಮನೆ ಬಿಟ್ಟಿದ್ದು, ಕಿರಣ ಆ ಸಂದಿಗೆ ಬಂದರೆ ಬಂದ ದಾರಿಯಲ್ಲೇ ವಾಪಸ್. ಅಂಚಿನ ಮನೆಯಲ್ಲೇ ಗುಂಡು ಇದ್ದರೆ ಪಕ್ಕದ ಸಾಲಿನ ಕಿರಣ ಒಳಗೆ ಕಾಲಿಡದೆಯೇ ವಾಪಸ್.

ಗುಂಡು ಇಟ್ಟವರು ಸುಮ್ಮನೆ ಕೂರುವವರು ಎಂದು ತಿಳಿಯಬೇಡಿ. ನನ್ನ ಪ್ರಕಾರ ಅವರದೇ ದೊಡ್ಡ ಜವಾಬ್ದಾರಿ. ಒಮ್ಮೆ ನಾನು ಎರಡು ಗುಂಡುಗಳನ್ನು ಒಂದರ ಕೆಳಗೊಂದು ಅಂಟಿಸಿ ಇಟ್ಟಿದ್ದೆ. ಮಗಳು ಬಿಟ್ಟ ಕಿರಣಕ್ಕೆ ಒಂದು ಗುಂಡು ನೇರ ಎದುರು, ಇನ್ನೊಂದು ಓರೆಯಲ್ಲಿ. ನೇರ ಬಡಿತಕ್ಕೇ ಮೊದಲ ಮನ್ನಣೆ, ನುಂಗಬೇಕಿತ್ತು. ನಾನು "ಮೇಲಕ್ಕೆ ತಿರುಗಿತು" ಅಂದೆ. ಆ ಒಂದು ತಪ್ಪು ಉತ್ತರದ ಮೇಲೆ ಅವಳು ಮುಕ್ಕಾಲು ಗಂಟೆ ತಲೆ ಕೆಡಿಸಿಕೊಂಡಳು. ಬೀಜ ತೋರಿಸಿದಾಗ "ಅಮ್ಮಾ, ನನ್ನ ಲೆಕ್ಕ ಸರಿ ಇತ್ತು" ಎಂದು ಕಣ್ಣು ತುಂಬಿಕೊಂಡಳು. ಅಂದಿನಿಂದ ಪ್ರತಿ ಕಿರಣವನ್ನೂ ಎರಡು ಸಲ ಎಳೆದು ನೋಡಿಯೇ ಬಾಯಿ ಬಿಡುತ್ತೇನೆ.

ಹುಡುಕುವವರಿಗೆ: 1ರಿಂದ ಶುರು ಮಾಡಬೇಡಿ. ನೇರ ಹಾದ ಕಿರಣ ತನ್ನ ಸಾಲನ್ನೂ ಎರಡು ಪಕ್ಕದ ಸಾಲುಗಳನ್ನೂ ಬಹುಪಾಲು ಖಾಲಿ ಎಂದು ತೋರಿಸುತ್ತದೆ. ಅಂಚಿನ ಸಾಲಿಗೆ ಪಕ್ಕದ ಸಾಲು ಒಂದೇ. ಅದಕ್ಕೇ ನಾನು 2, ಆಮೇಲೆ 5 ಕೇಳುತ್ತೇನೆ. "ಬಹುಪಾಲು" ಅಂದದ್ದು ಯಾಕೆಂದರೆ ನಾಲ್ಕಾರು ತಿರುವು ಪಡೆದು ಎದುರು ಬದಿಗೇ ಬಂದಿರುವ ಸಾಧ್ಯತೆಯೂ ಇದೆ. ಎಡದಿಂದ ಹೊಕ್ಕು ಬಲಬದಿಯ ಬೇರೆ ಸಾಲಿನಲ್ಲಿ ಹೊರಬಂದರೆ ಕನಿಷ್ಠ ಎರಡು ತಿರುವು, ಅಂದರೆ ಒಂದೇ ಗುಂಡಿನ ಕೆಲಸವಲ್ಲ. ಮೇಲಿನ ಉದಾಹರಣೆಗೇ ಏಳನೇ ಅಡ್ಡಸಾಲು, ಮೂರನೇ ಕಂಬಸಾಲಿನಲ್ಲಿ ಇನ್ನೊಂದು ಬೀಜ ಇಡಿ: 4ರಿಂದ ಹೊಕ್ಕದ್ದು ಕೆಳಕ್ಕೆ ತಿರುಗಿ, ಆರನೇ ಸಾಲಿನಲ್ಲಿ ಬಲಕ್ಕೆ ತಿರುಗಿ 19ರಲ್ಲಿ ಬರುತ್ತದೆ. ಇಂಥದ್ದನ್ನು ಬೆರಳಲ್ಲಿ ಎಳೆದು ನೋಡುವುದೇ ಈ ಆಟದ ರುಚಿ.

ಅಂಕ ಕಡಿಮೆ ಇದ್ದವರಿಗೆ ಗೆಲುವು. ಹೊಕ್ಕ ನಂಬರಿಗೆ 1, ಹೊರಬಂದ ನಂಬರಿಗೆ 1. ನುಂಗಿದರೂ ವಾಪಸಾದರೂ ಬರೀ 1. ತಪ್ಪಾಗಿ ತೋರಿಸಿದ ಪ್ರತಿ ಗುಂಡಿಗೆ 5. ಕೊನೆಯ ಗುಂಡು ಎರಡು ಮನೆಗಳಲ್ಲಿ ಯಾವುದು ಎಂಬ ಅನುಮಾನ ಸಮಸಮ ಇದ್ದರೆ, ಊಹೆಯ ಬೆಲೆ ಸರಾಸರಿ ಎರಡೂವರೆ ಅಂಕ. ಅದನ್ನು ಬಿಡಿಸುವ ಕಿರಣ ಸಿಕ್ಕರೆ ಹೆಚ್ಚೆಂದರೆ 2. ಹಾಗಾಗಿ ಕೇಳಿ. ಮಗಳು ಅಲ್ಲಿ ಧೈರ್ಯ ಮಾಡಿ ಊಹಿಸುತ್ತಾಳೆ, ನಾನು ಕೇಳುತ್ತೇನೆ.

ಇಬ್ಬರೂ ಒಮ್ಮೊಮ್ಮೆ ಗುಂಡು ಇಟ್ಟ ಮೇಲೇ ಅಂಕ ಹೋಲಿಸಿ. ಜೊತೆಗೆ ಯಾರೂ ಇಲ್ಲದ ದಿನ ಸೈಮನ್ ಟೇಥಮ್ ಅವರ ಉಚಿತ ಒಗಟು ಸಂಗ್ರಹದಲ್ಲಿ ಇದೇ ಆಟವಿದೆ, ಅಲ್ಲಿ ಕಂಪ್ಯೂಟರೇ ಗುಂಡು ಇಡುತ್ತದೆ. ಆದರೆ ಆಟ ಮುಗಿದ ಮೇಲೆ ಹಾಳೆ ಬಿಚ್ಚಿ, ಬಿಟ್ಟ ಪ್ರತಿ ಕಿರಣದ ದಾರಿಯನ್ನೂ ಬಣ್ಣದ ಪೆನ್ಸಿಲ್‌ನಲ್ಲಿ ಇಬ್ಬರೂ ಕೂತು ಎಳೆಯುವುದು ಮನೆಯಲ್ಲಿ ಮಾತ್ರ. ನಮ್ಮಲ್ಲಿ ಅಂಥ ಹಾಳೆಗಳ ಒಂದು ಫೈಲೇ ಇದೆ. ವಾಪಸಾದ ಕಿರಣಗಳಿಗೆ ಮಗಳು ಯಾವಾಗಲೂ ಕೆಂಪು ಹಚ್ಚುತ್ತಾಳೆ.